ಹದಿಮೂರು ಕಲ್ಲು

"ಕಾಲಿನ ಕಡೆ ಯಾರಾದ್ರೂ ಹಿಡ್ಕಳ್ರಿ," ಎಂದು ತಿಪ್ಪಯ್ಯ ಎರಡನೆಯ ಸಲ ಹೇಳಿದ.

ಅವನು ಟ್ರ್ಯಾಕ್ಟರಿನ ಟ್ರೈಲರ್ ಮೇಲೆ ಮಂಡಿಯೂರಿ, ಪಾಲಣ್ಣನ ಹೆಣದ ಹೆಗಲಿನ ಕೆಳಗೆ ಎರಡೂ ಕೈ ಕೊಟ್ಟು ಕಾಯುತ್ತಿದ್ದ. ಆಸ್ಪತ್ರೆಯಲ್ಲಿ ಕೊಯ್ದು, ಹೊಲಿದು, ಬಿಳಿ ಬಟ್ಟೆ ಸುತ್ತಿ ಕೊಟ್ಟಿದ್ದ ಹೆಣ. ಕೆಳಗೆ ನಿಂತಿದ್ದ ಹತ್ತಿಪ್ಪತ್ತು ಗಂಡಸರಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ಅವರೇನು ಕಟುಕರಲ್ಲ. ಎಲ್ಲರೂ ಸತ್ತವನ ಅಣ್ಣತಮ್ಮಂದಿರೇ, ಅತ್ತು ಕಣ್ಣು ಕೆಂಪು ಮಾಡಿಕೊಂಡವರೇ. ಆದರೆ ಆ ಕಾಲುಗಳನ್ನು ದೇವರು ಹಿಡಿದಿದ್ದಾನೆ ಎಂದು ಆರು ವರ್ಷದಿಂದ ನಂಬಿಕೊಂಡು ಬಂದವರಿಗೆ ಅವನ್ನು ಮುಟ್ಟಲು ಕೈ ಬರಲಿಲ್ಲ. ಕೊನೆಗೆ ಹೆದ್ದಾರಿಯ ಪಕ್ಕದ ಟೀ ಅಂಗಡಿಯ ಜಂಬಣ್ಣ ಪಂಚೆ ಎತ್ತಿ ಕಟ್ಟಿಕೊಂಡು ಬಂದು ಕಾಲು ಹಿಡಿದ. ಇಬ್ಬರು ಹೊರಗಿನವರು ಸೇರಿ ಹಟ್ಟಿಯ ಮಗನನ್ನು ಕೆಳಗಿಳಿಸಿದರು.

ಅದು ಕುರಿ ಸಾಕುವ ಗೊಲ್ಲರ ಹಟ್ಟಿ, ಜವನಗೊಂಡನಹಳ್ಳಿಯಿಂದ ಒಂದು ಹರದಾರಿ ಒಳಗೆ. ಸುತ್ತ ಮುಳ್ಳುಕಂಟಿಯ ಕಳ್ಳೆಬೇಲಿ, ನಡುವೆ ದೇವರ ಗುಡಿ. ಹೊರಗೆ ಸತ್ತವನ ಹೆಣ ಬೇಲಿ ದಾಟಿ ಒಳಗೆ ಹೋಗುವಂತಿರಲಿಲ್ಲ. ಹೊರಗೇ ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಮಲಗಿಸಿದರು.

ಪಾಲಣ್ಣ ಸತ್ತಿದ್ದು ಹಿಂದಿನ ದಿನ ಬೆಳಿಗ್ಗೆ, ಹೆದ್ದಾರಿಯಲ್ಲಿ. ಕಣ್ಣಾರೆ ಕಂಡವನು ಜಂಬಣ್ಣ ಒಬ್ಬನೇ. ಬಂದವರೆಲ್ಲ ಅವನನ್ನೇ ಕೇಳುತ್ತಿದ್ದರು, ಅವನೂ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುತ್ತಿದ್ದ.

"ಕುರಿಯೆಲ್ಲ ದಾಟಿದ್ವು. ಒಂದು ಮರಿ ಮಾತ್ರ ನಡುರಸ್ತೇಲಿ ನಿಂತ್ಕಂತು. ಇವ್ನು ತಿರುಗಿ ಬಂದು ಎತ್ಕಂಡ. ಲಾರಿ ಇಳಿಜಾರಲ್ಲಿ ಬರ್ತಾ ಐತೆ, ಹಾರನ್ ಹೊಡೀತಾ ಐತೆ. ನಾನು ಅಂಗ್ಡಿಯಿಂದಾನೇ ಕೂಗ್ದೆ, ಓಡಲೇ ಪಾಲಣ್ಣ ಅಂತ. ನಾಕು ಹೆಜ್ಜೆ ಓಡಿದ್ರೆ ಸಾಕಾಗಿತ್ತು."

"ಓಡ್ಲಿಲ್ವೇ?"

"ಓಡ್ಲಿಲ್ಲ. ನಡ್ಕಂಡೇ ಬಂದ. ಮರೀನ ಮಾತ್ರ ಈಚೆಗೆ ಎಸ್ದ. ಅದು ಉಳ್ಕಂತು."

ಕೇಳಿದವರು ತಲೆಯಾಡಿಸುತ್ತಿದ್ದರು. ಯಾಕೆ ಓಡಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಆರು ವರ್ಷದ ಹಿಂದೆ ಪಾಲಣ್ಣ ದೇವರ ಮುಂದೆ ನಿಂತು, ಇನ್ನು ಈ ಜನ್ಮದಲ್ಲಿ ಓಡುವುದಿಲ್ಲ, ನನ್ನ ಮಗಳನ್ನು ಬಿಟ್ಟುಬಿಡು ಎಂದು ಹರಕೆ ಕಟ್ಟಿಕೊಂಡಿದ್ದು ಹಟ್ಟಿಗೆಲ್ಲ ಗೊತ್ತಿತ್ತು. ಅಲ್ಲಿಂದಾಚೆಗೆ ತೋಳ ಬಂದರೂ, ಮಳೆ ಬಂದರೂ ಅವನು ನಡೆದೇ ಹೋಗಿದ್ದ.

ಹೆಣದ ತಲೆಯ ಹತ್ತಿರ ಕೂತಿದ್ದ ಹೆಂಡತಿ ಜುಂಜಮ್ಮ ಗಟ್ಟಿಯಾಗಿ ಅಳುತ್ತಿರಲಿಲ್ಲ. ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು. "ನಾನು ಕರೀಬಾರ್ದಾಗಿತ್ತು. ನಾನೇ ಕೂಗಿ ಕರ್ದೆ."

"ಆಗಿದ್ದು ಆಗೋಯ್ತು ಬಿಡವ್ವ," ಎಂದು ಪಾಲಣ್ಣನ ದೊಡ್ಡಮ್ಮ ಈರಕ್ಕ ಅವಳ ಬೆನ್ನು ಸವರಿದಳು. "ಆವಾಗ ನೀನು ಹಸಿ ಬಾಣಂತಿ, ನಿನಗಾದ್ರೂ ಏನು ಗೊತ್ತಾಗ್ಬೇಕು."

ಸಮಾಧಾನದ ದನಿಯೇ. ಆದರೆ ತಪ್ಪು ನಿನ್ನದಲ್ಲ ಎಂದು ಈರಕ್ಕ ಹೇಳಲಿಲ್ಲ. ಆರು ವರ್ಷದಲ್ಲಿ ಹಟ್ಟಿಯಲ್ಲಿ ಯಾರೂ ಆ ಮಾತು ಹೇಳಿರಲಿಲ್ಲ. ತಾಯಿಯ ಬೆನ್ನಿಗೆ ಒರಗಿ ನಿಂತಿದ್ದ ಆರು ವರ್ಷದ ಚಿತ್ತಮ್ಮನ ಹತ್ತಿರ ತಮ್ಮ ಮಕ್ಕಳು ಹೋಗದಂತೆ ಹೆಂಗಸರು ಸದ್ದಿಲ್ಲದೆ ಕೈ ಹಿಡಿದು ಎಳೆದುಕೊಳ್ಳುತ್ತಿದ್ದರು.

ತಪ್ಪು ಜುಂಜಮ್ಮನದೂ ಅಲ್ಲ, ಆ ಮಗುವಿನದೂ ಅಲ್ಲ ಎಂದು ಗೊತ್ತಿದ್ದವನು ಭೂಮಿಯ ಮೇಲೆ ಒಬ್ಬನೇ. ಅವನು ಹಿರಿಯೂರಿನ ಪ್ರವಾಸಿ ಮಂದಿರದ ವಾಚ್‌ಮನ್ ತಿಪ್ಪಯ್ಯ, ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು, ಖಾಕಿ ಅಂಗಿಯ ಮೇಲೆ ಹೆಣದ ಬಟ್ಟೆಯಿಂದ ಇಳಿದ ಕಲೆ ಹೊತ್ತು ನಿಂತಿದ್ದ. ಟ್ರೈಲರಿನಲ್ಲಿ ಹಿರಿಯೂರಿನಿಂದ ಇಲ್ಲಿಯವರೆಗೆ ಸತ್ತವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಇವತ್ತು ಮಣ್ಣು ಮಾಡುವುದರೊಳಗೆ ಎಲ್ಲರ ಎದುರಿಗೆ ಹೇಳಿಬಿಡುತ್ತೇನೆ ಎಂದು ಆ ತಲೆಗೆ ಮಾತು ಕೊಟ್ಟಿದ್ದ. ಸತ್ತವರಿಗೆ ಮಾತು ಕೊಡುವುದು ಸುಲಭ, ಅವರು ವಾಪಸ್ಸು ಕೇಳುವುದಿಲ್ಲ.

*

ಸಾವಿರದ ಒಂಬೈನೂರ ಎಪ್ಪತ್ತೆರಡರ ಬೇಸಿಗೆಯಲ್ಲಿ ತಿಪ್ಪಯ್ಯ ರಸ್ತೆ ಗ್ಯಾಂಗಿಗೆ ಹೊಸದಾಗಿ ಸೇರಿದ್ದ ದಿನಗೂಲಿ. ಡಾಂಬರು ಕಾಯಿಸುವುದು, ಗುಂಡಿ ಮುಚ್ಚುವುದು. ಒಂದು ಮಧ್ಯಾಹ್ನ ಲಾರಿಗೆ ಬೆದರಿದ ಟಗರೊಂದು ಹೆದ್ದಾರಿ ಹಿಡಿದು ಓಡಿತು. ಅದರ ಹಿಂದೆ ಬರಿಗಾಲಲ್ಲಿ ಒಬ್ಬ ಓಡಿದ. ಕಾದ ಡಾಂಬರಿನ ಮೇಲೆ, ಹೆಗಲ ಕಂಬಳಿ ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡು. ಟಗರನ್ನು ಹೊತ್ತು ವಾಪಸ್ಸು ಬಂದಾಗಲೂ ಅವನ ಉಸಿರು ಏರಿರಲಿಲ್ಲ.

"ಏನಪ್ಪ, ನಿನ್ ಕಾಲೇನು ಕಾಲೋ ಗಾಲಿಯೋ?" ಎಂದು ತಿಪ್ಪಯ್ಯ ಕೇಳಿದ.

"ಟಗರು ನನಗಿಂತ ಜೋರು. ಅದಕ್ಕೆ ಬುದ್ಧಿ ಇಲ್ಲ, ನೆಟ್ಟಗೆ ಓಡ್ತು. ಪೊದೆ ಕಡೆ ತಿರುಗಿದ್ರೆ ಸಿಕ್ತಿರ್ಲಿಲ್ಲ," ಎಂದು ಪಾಲಣ್ಣ ನಕ್ಕ.

ಮುಂದಿನ ವಾರ ಜಂಬಣ್ಣನ ಅಂಗಡಿಯ ಕಂಬಕ್ಕೆ ಯಾರೋ ಒಂದು ಕರಪತ್ರ ಅಂಟಿಸಿ ಹೋದರು. ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ ಆದದ್ದಕ್ಕೆ ತುರುವನೂರಿನಿಂದ ಚಿತ್ರದುರ್ಗದವರೆಗೆ ಓಟ. ಅರ್ಧ ಮ್ಯಾರಥಾನ್, ಹದಿಮೂರು ಮೈಲಿ. ಮೊದಲ ಮೂವರಿಗೆ ಕಾಯಂ ಕೆಲಸ ಕೊಡಿಸುವುದಾಗಿ ಸಮಿತಿಯವರು ದಪ್ಪಕ್ಷರದಲ್ಲಿ ಹಾಕಿಸಿದ್ದರು. ಜಂಬಣ್ಣ ಬೆರಳಿಟ್ಟು ಓದಿದ.

"ಅರ್ಧ ನಾವು ಓಡಿದ್ರೆ ಉಳಿದರ್ಧ ಯಾರು ಓಡ್ತಾರೆ?" ಎಂದ ಪಾಲಣ್ಣ.

"ನಿನ್ ಟಗರು," ಎಂದ ತಿಪ್ಪಯ್ಯ.

ನಗುನಗುತ್ತಲೇ ಇಬ್ಬರೂ ಹೆಸರು ಕೊಟ್ಟರು. ಆದರೆ ಪಾಲಣ್ಣನ ಮನಸ್ಸಿನಲ್ಲಿ ಇದ್ದದ್ದು ನಗುವ ವಿಷಯವಲ್ಲ. ಹಟ್ಟಿಯಲ್ಲಿ ಹೆರಿಗೆ ಬೇಲಿಯ ಹೊರಗೆ ನಡೆಯುತ್ತಿತ್ತು. ಸೂತಕ ಕಳೆಯುವವರೆಗೆ ಬಾಣಂತಿ ಮತ್ತು ಕೂಸು ಹೊರಗಿನ ಸೋಗೆ ಗುಡಿಸಲಿನಲ್ಲೇ ಇರಬೇಕು, ಗಂಡಸರು ಅತ್ತ ಹೆಜ್ಜೆ ಇಡಬಾರದು. ಅವನ ಮೊದಲ ಮಗು ಅಂಥ ಗುಡಿಸಲಿನಲ್ಲಿ ಶೀತ ಹಿಡಿದು ಎಂಟನೇ ದಿನಕ್ಕೆ ಹೋಗಿತ್ತು. ಈಗ ಜುಂಜಮ್ಮ ಮತ್ತೆ ಬಸುರಿ.

"ಕಾಯಂ ಕೆಲಸ ಅಂದ್ರೆ ಕ್ವಾರ್ಟರ್ಸ್ ಕೊಡ್ತಾರಂತೆ, ಹೌದೇನೋ ತಿಪ್ಪಣ್ಣ?"

"ಕೊಡ್ತಾರೆ. ಹೆಂಚಿನ ಮನೆ."

"ಹಟ್ಟಿಯಿಂದ ದೂರ ಇದ್ರೆ ದೇವರಿಗೂ ತೊಂದರೆ ಇಲ್ಲ, ಕೂಸಿಗೂ ತೊಂದರೆ ಇಲ್ಲ," ಎಂದು ಪಾಲಣ್ಣ ತನಗೆ ತಾನೇ ಎಂಬಂತೆ ಹೇಳಿದ. ದೇವರನ್ನು ಬಿಡುವ ಯೋಚನೆ ಅವನಿಗಿರಲಿಲ್ಲ. ದೇವರಿಂದ ಸ್ವಲ್ಪ ದೂರ, ಹೆಂಚಿನ ಕೆಳಗೆ, ಒಂದು ಮಗುವನ್ನು ಉಳಿಸಿಕೊಳ್ಳುವುದು ಮಾತ್ರ ಬೇಕಾಗಿತ್ತು.

ದಿನಾ ಕುರಿ ಬಿಡುವುದಕ್ಕೆ ಮುಂಚೆ ಇಬ್ಬರೂ ಜಂಬಣ್ಣನ ಅಂಗಡಿಯಿಂದ ಸಿರಾ ಕಡೆಗೆ ಓಡುತ್ತಿದ್ದರು. ಪಾಲಣ್ಣನಿಗೆ ಮೈಲಿಯ ಲೆಕ್ಕ ಗೊತ್ತಿರಲಿಲ್ಲ. ಅವನಿಗೆ ದೂರವೆಂದರೆ ಹರದಾರಿ, ಇಲ್ಲವೆ ಕುರಿ ಮೇಯುತ್ತ ಹೊತ್ತು ನೆತ್ತಿಗೆ ಬರುವುದರೊಳಗೆ ಮುಟ್ಟುವ ಜಾಗ. ಮೂರನೇ ಕ್ಲಾಸು ಓದಿದ್ದ ತಿಪ್ಪಯ್ಯನೇ ರಸ್ತೆಯ ಕಲ್ಲು ತೋರಿಸಿ, "ಒಂದು ಕಲ್ಲು ಒಂದು ಮೈಲಿ. ಹದಿಮೂರು ಕಲ್ಲು ಮುಟ್ಟಿದ್ರೆ ಮುಗೀತು," ಎಂದು ಹೇಳಿಕೊಟ್ಟಿದ್ದ. ಅವನೂ ಹಾಗೆಂದೇ ತಿಳಿದಿದ್ದ. ಹದಿಮೂರನೇ ಕಲ್ಲು ಮುಟ್ಟಿ, ಹಿರಿಯೂರಿನ ಕಡೆ ಹೋಗುವ ಯಾವುದಾದರೂ ಲಾರಿ ಹತ್ತಿ ವಾಪಸ್ಸು ಬರುತ್ತಿದ್ದರು.

ತಿಪ್ಪಯ್ಯನಿಗೆ ಪಾಲಣ್ಣ ಕಲಿಸಿದ್ದು ಶಿಳ್ಳೆ. ಕುರಿ ಕರೆಯುವ ಒಂದು ಮೆಲ್ಲನೆಯ ಶಿಳ್ಳೆಯ ಹಾಡು ಅವನಿಗಿತ್ತು. "ಶಿಳ್ಳೆ ಬರೋವರೆಗೂ ಉಸಿರು ಐತೆ ಅಂತ ಅರ್ಥ. ಶಿಳ್ಳೆ ನಿಂತ್ರೆ ನಿಧಾನ ಮಾಡ್ಬೇಕು." ಒಂದು ಕಲ್ಲಿನಿಂದ ಇನ್ನೊಂದಕ್ಕೆ ಆ ಹಾಡು ಸರಿಯಾಗಿ ಎರಡು ಸಲ ಮುಗಿಯುತ್ತಿತ್ತು. ಎರಡು ತಿಂಗಳಾದರೂ ಒಂದು ದಿನ ಹೆಚ್ಚುಕಡಿಮೆ ಆಗಲಿಲ್ಲ. ತಿಪ್ಪಯ್ಯ ಯಾವಾಗಲೂ ಅವನ ಹಿಂದೆ, ಆ ಶಿಳ್ಳೆ ಕೇಳುವಷ್ಟು ದೂರದಲ್ಲಿ. ತನ್ನ ಜೀವನದಲ್ಲಿ ಅಷ್ಟು ಸುಖವಾದ ಬೆಳಗುಗಳು ಮತ್ತೆ ಬರಲಿಲ್ಲ ಎಂದು ಅವನು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದಾನೆ, ಯಾರಿಗೂ ಹೇಳಿಲ್ಲ.

*

ಗುಂಡಿ ತೋಡುವ ಜಾಗ ಕಲ್ಲುನೆಲ. ಹಾರೆ ಬಿದ್ದಲ್ಲೆಲ್ಲ ಕಿಡಿ. ಹೊತ್ತು ಏರುತ್ತಿತ್ತು. ಪಾಲಣ್ಣನ ಅಣ್ಣ ಕಾಟಲಿಂಗಪ್ಪ ಹಟ್ಟಿ ದೇವರ ಪೂಜಾರಿ, ಬಿಳಿ ರುಮಾಲಿನ ಎತ್ತರದ ಮನುಷ್ಯ. ಗುಂಡಿಯ ಅಂಚಿನಲ್ಲಿ ನಿಂತು ಯಾರು ಮೊದಲು ಮಣ್ಣು ಹಾಕಬೇಕು, ಯಾರು ಆಮೇಲೆ ಎಂದು ಹೇಳುತ್ತಿದ್ದ.

"ಮಗಳು?" ಎಂದ ಜಂಬಣ್ಣ.

"ಆ ಕೂಸು ಮರದ ಹತ್ರಾನೇ ಇರ್ಲಿ. ಗುಂಡಿ ಹತ್ರ ಬರೋದು ಬ್ಯಾಡ."

"ಅಪ್ಪನಿಗೆ ಮಗಳು ಮಣ್ಣು ಹಾಕದೆ ಇನ್ಯಾರು ಹಾಕ್ಬೇಕ್ರಿ?"

ಕಾಟಲಿಂಗಪ್ಪ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. "ನನ್ ತಮ್ಮನ ಮಗಳು ಕಣಯ್ಯ. ನನಗೇನು ಕರುಳಿಲ್ವೇ? ಸೂತಕದ ಗುಡ್ಲಲ್ಲಿ ಅದನ್ನ ಮುಟ್ಟಿ ಬಂದು ಕಾಲು ಕಳ್ಕಂಡ. ಆ ಕಾಲಿಂದಾನೇ ಈಗ ಜೀವ ಕಳ್ಕಂಡ. ಅದರ ಕೈಯಲ್ಲೇ ಮಣ್ಣು ಹಾಕ್ಸಿ ಇನ್ನೇನು ಕಾಣ್ಬೇಕು ನಾವು?"

ಮಾತಾಡಬೇಕಾದವನು ಮೂರು ಮಾರು ದೂರದಲ್ಲಿ ನಿಂತಿದ್ದ. ಇದಕ್ಕಿಂತ ಒಳ್ಳೆಯ ಹೊತ್ತು ಅವನಿಗೆ ಸಿಗುವಂತಿರಲಿಲ್ಲ. ಪೂಜಾರಿ ಎದುರಿಗೇ ಇದ್ದ, ಹಟ್ಟಿಯ ಗಂಡಸರೆಲ್ಲ ಸುತ್ತ ಇದ್ದರು.

"ಕಾಟಲಿಂಗಣ್ಣ," ಎಂದ ತಿಪ್ಪಯ್ಯ.

"ಏನಪ್ಪ?"

ಎಲ್ಲರೂ ತಿರುಗಿ ನೋಡಿದರು. ಅಷ್ಟೊಂದು ಕೆಂಪು ಕಣ್ಣುಗಳು ಒಟ್ಟಿಗೆ ತನ್ನ ಮೇಲೆ ಬಿದ್ದಾಗ ತಿಪ್ಪಯ್ಯ ಹಾರೆಯ ಕಡೆ ಕೈ ಚಾಚಿದ.

"ಹಾರೆ ಕೊಡ್ರಿ. ನಾನೂ ನಾಕು ಏಟು ಹಾಕ್ತೀನಿ."

"ನೀನ್ಯಾಕಪ್ಪ, ನೌಕರಿ ಮಾಡೋನು. ಅಂಗಿ ಮಣ್ಣಾಗ್ತೈತೆ," ಎಂದು ಕಾಟಲಿಂಗಪ್ಪ ಪ್ರೀತಿಯಿಂದಲೇ ಹೇಳಿದ. "ನಮ್ ಹುಡುಗ ನಿನ್ ಹೆಸರು ಹೇಳ್ಕಂಡೇ ತಿರುಗ್ತಿದ್ದ. ನಮ್ ತಿಪ್ಪಣ್ಣ, ನಮ್ ತಿಪ್ಪಣ್ಣ ಅಂತ. ನೀನು ಬಂದಿದ್ದೇ ಸಾಕು."

ಆದರೂ ತಿಪ್ಪಯ್ಯ ಹಾರೆ ಕಿತ್ತುಕೊಂಡು ಗುಂಡಿಗಿಳಿದ. ಕೈಯಲ್ಲಿ ಬೊಕ್ಕೆ ಬರುವವರೆಗೆ ಅಗೆದ. ಹೇಡಿ ಮನುಷ್ಯ ಬಾಯಿಯಲ್ಲಿ ಆಗದ್ದನ್ನು ಕೈಯಲ್ಲಿ ತೀರಿಸಲು ನೋಡುತ್ತಾನೆ. ನೋಡಿದವರು ಎಂಥ ಸ್ನೇಹ ಎಂದುಕೊಂಡರು.

*

ಓಟಕ್ಕೆ ಇನ್ನು ಹನ್ನೆರಡು ದಿನ ಇದ್ದಾಗ ಗ್ಯಾಂಗಿನ ಮೇಸ್ತ್ರಿ ಚಿತ್ರಲಿಂಗಪ್ಪ, ಹೊಳಲ್ಕೆರೆ ಕಡೆಯವನು, ಊಟದ ಹೊತ್ತಿನಲ್ಲಿ ತಿಪ್ಪಯ್ಯನನ್ನು ಕೇಳಿದ.

"ದಿನಾ ಎಷ್ಟು ಓಡ್ತೀರೋ?"

"ಪೂರ್ತಿ, ಅಣ್ಣ. ಹದಿಮೂರು ಕಲ್ಲು."

ಮೇಸ್ತ್ರಿಗೆ ನಗು ಬಂದು ಮುದ್ದೆ ನೆತ್ತಿಗೇರಿತು. "ಲೇ, ಆ ಮೈಲಿ ಕಲ್ಲೆಲ್ಲ ಕಿತ್ತಾಕಿ ವರ್ಷ ಆಯ್ತು. ನೀನಿನ್ನೂ ಸೇರಿರ್ಲಿಲ್ಲ. ಇವು ಕಿಲೋಮೀಟರ್ ಕಲ್ಲು. ನಿಮ್ಮ ಹದಿಮೂರು ಕಲ್ಲು ಅಂದ್ರೆ ಎಂಟು ಮೈಲಿ ಅಷ್ಟೇ. ಹದಿಮೂರು ಮೈಲಿ ಅಂದ್ರೆ ಇಲ್ಲಿ ಇಪ್ಪತ್ತೊಂದು ಕಲ್ಲು ಓಡ್ಬೇಕು."

"ತುರುವನೂರು ರಸ್ತೇಲಿ?"

"ಅಲ್ಲಿಗೆ ಹೊಸ ಕಲ್ಲು ಯಾವ ಕಾಲಕ್ಕೆ ಹೋಗ್ತಾವೋ. ಹಳೇ ಮೈಲಿ ಕಲ್ಲೇ ಅವೆ."

ಸಾಯಂಕಾಲ ಪಾಲಣ್ಣನಿಗೆ ಹೇಳಬೇಕೆಂದೇ ತಿಪ್ಪಯ್ಯ ಹೊರಟ. ಇದು ಸುಳ್ಳಲ್ಲ, ಹೇಳಬೇಕೆಂದೇ ಹೊರಟಿದ್ದ. ದಾರಿಯಲ್ಲಿ ಜಂಬಣ್ಣನ ಅಂಗಡಿಯಲ್ಲಿ ಟೀ ಕುಡಿಯಲು ಕೂತ. ಹೊಸದುರ್ಗದ ಮಿಲಿಟರಿಯವನೊಬ್ಬ ರಜೆಯಲ್ಲಿ ಬಂದು ಹೆಸರು ಕೊಟ್ಟಿದ್ದಾನಂತೆ, ದುರ್ಗದ ಪೊಲೀಸಿನವನೊಬ್ಬ ಹಿಂದೆ ಮೈಸೂರಿನಲ್ಲಿ ಗೆದ್ದವನಂತೆ, ಮೊದಲೆರಡು ಜಾಗ ಅವರದ್ದೇ ಅಂತೆ ಎಂದು ಜಂಬಣ್ಣ ಸುದ್ದಿ ಹೇಳಿದ. ಟೀ ಮುಗಿಯುವುದರೊಳಗೆ ತಿಪ್ಪಯ್ಯನಿಗೆ ಅರ್ಥವಾಗಿತ್ತು. ಉಳಿದದ್ದು ಒಂದು ಜಾಗ. ಪಾಲಣ್ಣ ಪೂರ್ತಿ ದೂರ ರೂಢಿ ಮಾಡಿಕೊಂಡರೆ ಆ ಜಾಗ ಪಾಲಣ್ಣನದು. ತಾನು ಮತ್ತೆ ಡಾಂಬರು ಕಾಯಿಸಬೇಕು.

ಆ ಸಾಯಂಕಾಲ ಅವನು ಹಟ್ಟಿಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಪಾಲಣ್ಣನ ಹಿಂದೆ ಹದಿಮೂರು ಕಲ್ಲು ಓಡಿದ. ಸಾಯಂಕಾಲ ಹಿರಿಯೂರಿನ ಕಡೆಗೆ ಒಬ್ಬನೇ ಓಡಿದ, ಇಪ್ಪತ್ತೊಂದು ಕಲ್ಲು. ಹನ್ನೊಂದು ದಿನ ಹಾಗೆ ಮಾಡಿದ. ದಿನಾ ಬೆಳಿಗ್ಗೆ ಶಿಳ್ಳೆ ಕೇಳಿಸಿಕೊಂಡ. ದಿನಾ ಬೆಳಿಗ್ಗೆ ಹೇಳಲಿಲ್ಲ.

*

ಆಗಸ್ಟ್ ಹದಿನೈದರ ಬೆಳಿಗ್ಗೆ ತುರುವನೂರಿನಲ್ಲಿ ಬಾವುಟ ಹಾರಿಸಿ, ಭಾಷಣ ಮಾಡಿ, ಅರವತ್ತು ಜನರನ್ನು ಬಿಟ್ಟರು. ಮಿಲಿಟರಿಯವನು ಮತ್ತು ಪೊಲೀಸಿನವನು ಮುಂದೆ. ಅವರ ಬೆನ್ನಿಗೆ ಪಾಲಣ್ಣ, ತಿಪ್ಪಯ್ಯನ ಹಳೇ ಚಡ್ಡಿ ಹಾಕಿಕೊಂಡು, ಬರಿಗಾಲಲ್ಲಿ, ಶಿಳ್ಳೆ ಹಾಕುತ್ತ.

ಮೊದಲನೇ ಕಲ್ಲು ಬರುವಷ್ಟರಲ್ಲಿ ಹಾಡು ಎರಡು ಸಲ ಮುಗಿದು ಮೂರನೆಯ ಸಲವೂ ಮುಗಿಯಿತು. ಹಿಂದೆ ಇದ್ದ ತಿಪ್ಪಯ್ಯನಿಗೆ ಅದು ಕೇಳಿಸುತ್ತಿತ್ತು. ಎರಡನೇ ಕಲ್ಲಿಗೂ ಹಾಗೆಯೇ. ಪಾಲಣ್ಣ ತನ್ನ ಕಾಲನ್ನು ಬಗ್ಗಿ ನೋಡಿಕೊಂಡು ವೇಗ ಹೆಚ್ಚಿಸಿದ. ಕಲ್ಲು ತಡವಾದಷ್ಟೂ ಇನ್ನಷ್ಟು ಹೆಚ್ಚಿಸಿದ. ನಾಲ್ಕನೇ ಕಲ್ಲಿನ ಹತ್ತಿರ ಶಿಳ್ಳೆ ನಿಂತಿತು.

ಏಳನೇ ಕಲ್ಲಿನಲ್ಲಿ ತಿಪ್ಪಯ್ಯ ಅವನ ಸಮಕ್ಕೆ ಬಂದ. ಪಾಲಣ್ಣನ ಮುಖ ಬೂದಿ ಬಡಿದಂತಿತ್ತು.

"ತಿಪ್ಪಣ್ಣ, ಕಾಲು ಹೋಗ್ತಾ ಇಲ್ಲ ಕಣೋ. ಎರಡು ಸಲಕ್ಕೆ ಬರ್ತಿದ್ದ ಕಲ್ಲು ಮೂರು ಸಲಕ್ಕೂ ಬರ್ತಾ ಇಲ್ಲ."

ತಿಪ್ಪಯ್ಯ ಮುಂದೆ ನೋಡುತ್ತ ಓಡಿದ.

"ಮೊನ್ನೆ ಸಂಜೆ ಮಳೆ ಬಂತಲ್ಲ. ಗುಡ್ಲು ಸೋರ್ತಾ ಐತೆ ಅಂತ ಜುಂಜಿ ಬೇಲಿ ಆಚೆಯಿಂದ ಕೂಗಿದ್ಲು. ಮೊದಲ್ನೇದು ಹಿಂಗೇ ಹೋಯ್ತಲ್ಲ ಅಂತ ತಡಿಯಕ್ಕಾಗ್ಲಿಲ್ಲ. ಹೋಗಿ ಸೂರಿನ ಮ್ಯಾಲೆ ಕಂಬ್ಳಿ ಹೊದ್ಸಿದೆ. ಕೂಸನ್ನ ಎತ್ಕಂಡೆ. ಒಂಬತ್ತು ದಿನದ ಕೂಸು, ಹಿಂಗೆ ಬೆರಳು ಹಿಡ್ಕಂತು." ಅವನು ಓಡುತ್ತಲೇ ಬೆರಳು ತೋರಿಸಿದ. "ದೇವರು ಮುನಿದು ಕಾಲು ಹಿಡ್ಕಂಡ್ನೇನೋ?"

ತಿಪ್ಪಯ್ಯನಿಗೆ ಆಗ ಉಸಿರಿತ್ತು. ಎಲ್ಲವನ್ನೂ ಹೇಳುವಷ್ಟು ಉಸಿರಿತ್ತು. ಇವು ಮೈಲಿ ಕಲ್ಲು ಕಣೋ, ನಿಧಾನ ಮಾಡು ಎಂದಿದ್ದರೆ ಸಾಕಾಗಿತ್ತು. ಅವನು ಹೇಳಿದ್ದು ಒಂದೇ ಮಾತು.

"ಇರ್ಬೌದು."

ಹೇಳಿ ಮುಂದೆ ಹೋದ. ಪಾಲಣ್ಣ ಒಂಬತ್ತನೇ ಕಲ್ಲಿನ ಹತ್ತಿರ ಕೂತವನು ಓಟಕ್ಕೆ ಮತ್ತೆ ಏಳಲಿಲ್ಲ. ಹಟ್ಟಿಗೆ ಮರಳಿ, ಗುಡಿಸಲಿಗೆ ಹೋಗಿದ್ದನ್ನು ಒಪ್ಪಿಕೊಂಡು, ದೇವರ ಮುಂದೆ ಆ ಹರಕೆ ಕಟ್ಟಿಕೊಂಡ. ದುರ್ಗದಲ್ಲಿ ತಿಪ್ಪಯ್ಯನನ್ನು ಮೂರನೆಯವನೆಂದು ಕೂಗಿದರು, ಒಂದು ಸ್ಟೀಲ್ ಲೋಟ ಕೊಟ್ಟರು, ಮೂರು ತಿಂಗಳಿಗೆ ಕೆಲಸವೂ ಬಂತು. ಪ್ರವಾಸಿ ಮಂದಿರದ ಹಿಂದೆ ಹೆಂಚಿನ ಮನೆ. ಪಾಲಣ್ಣ ಹಬ್ಬಕ್ಕೆ ಬಂದಾಗಲೆಲ್ಲ ಆ ಮನೆಯ ಸೂರನ್ನು ತಲೆಯೆತ್ತಿ ನೋಡಿ, "ಚೆನ್ನಾಗೈತೆ ಕಣೋ," ಎನ್ನುತ್ತಿದ್ದ. ಅಸೂಯೆಯ ಒಂದು ಮಾತು ಅವನ ಬಾಯಲ್ಲಿ ಬರಲಿಲ್ಲ. ಬೈದಿದ್ದರೆ ತಿಪ್ಪಯ್ಯ ಹೇಳಿಬಿಡುತ್ತಿದ್ದನೋ ಏನೋ.

*

ಮಣ್ಣು ಮಾಡಿ ಮುಗಿಯಿತು. ಕಾಟಲಿಂಗಪ್ಪ ಮೂರು ಹಿಡಿ ಹಾಕಿದ, ಜುಂಜಮ್ಮ ಮೂರು ಹಿಡಿ ಹಾಕಿದಳು, ಮಿಕ್ಕವರು ಹಾಕಿದರು. ಚಿತ್ತಮ್ಮ ಬೇವಿನ ಮರದ ಕೆಳಗೆ ಒಬ್ಬಳೇ ನಿಂತು ದೂರದಿಂದ ನೋಡಿದಳು. ಗಂಡಸರು ಮೈ ತೊಳೆಯಲು ಬಾವಿಯ ಕಡೆ ಹೋದರು. ಹೆಂಗಸರು ಅವಳ ಕೈಗೆ ಒಂದು ಚೆಂಬು ಕೊಟ್ಟು ಅದೇ ಕಡೆ ಕಳಿಸಿದರು.

ತಿಪ್ಪಯ್ಯ ಜುಂಜಮ್ಮನ ಎದುರಿಗೆ ಬಂದು ಕೂತ. ಬರೀ ನೆಲದ ಮೇಲೆ, ಖಾಕಿ ಪ್ಯಾಂಟಿನಲ್ಲೇ.

"ತಾಯಿ, ನಿನ್ನಿಂದ ಏನೂ ಆಗಿಲ್ಲ. ನೀನು ಕರ್ದಿದ್ದು ತಪ್ಪಲ್ಲ. ನಾನು ಹೇಳೋದನ್ನ ಪೂರ್ತಿ ಕೇಳು."

ಹೇಳಿದ. ಕಲ್ಲು, ಮೈಲಿ, ಕಿಲೋಮೀಟರ್, ಮೇಸ್ತ್ರಿ, ಒಬ್ಬನೇ ಓಡಿದ ಸಾಯಂಕಾಲಗಳು. ಏಳನೇ ಕಲ್ಲಿನಲ್ಲಿ ಅಂದ ಆ ಒಂದು ಮಾತನ್ನೂ ಬಿಡಲಿಲ್ಲ. ಮುಗಿದ ಮೇಲೆ ಜುಂಜಮ್ಮ ಅಂಗೈಗೆ ಅಂಟಿದ್ದ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಕೂತಳು.

"ಎಷ್ಟು ದಿನ ಮುಂಚೆ ಗೊತ್ತಾಗಿತ್ತಣ್ಣ ನಿನಗೆ?"

"ಹನ್ನೆರಡು ದಿನ."

"ಆವಯ್ಯನಿಗೆ ಕೊನೀಗೂ ಗೊತ್ತಾಗ್ಲಿಲ್ಲ."

"ಇಲ್ಲ."

"ಹಂಗಾದ್ರೆ ದೇವರು ಕಾಲು ಹಿಡೀಲಿಲ್ಲ."

"ಇಲ್ಲ ತಾಯಿ."

"ಮತ್ತೆ ಆರು ವರ್ಷ ಓಡದಂಗೆ ಇದ್ದದ್ದು?" ಅವಳ ದನಿ ಏರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು. "ನಿನ್ನೆ ಲಾರಿ ಬರೋದು ಕಂಡೂ ನಡ್ಕಂಡು ಬಂದಿದ್ದು? ಅದೆಲ್ಲ ಯಾವ್ದಕ್ಕಣ್ಣ?"

ಹೊಡೆಯುತ್ತಾಳೆ, ಕೂಗಿ ಹಟ್ಟಿಯವರನ್ನು ಕರೆಯುತ್ತಾಳೆ ಎಂದು ತಿಪ್ಪಯ್ಯ ಕಾದಿದ್ದ. ಅದಕ್ಕೆ ಸಿದ್ಧನಾಗಿಯೇ ಬಂದಿದ್ದ.

"ಬಾರಣ್ಣ ಇಲ್ಲಿ," ಎಂದಳು. ಅವನು ಇನ್ನಷ್ಟು ಹತ್ತಿರ ಸರಿದ. "ಮಗಳಿಗೋಸ್ಕರ ಹರಕೆ ಹೊತ್ತು, ಅದನ್ನ ಉಳಿಸ್ಕಂಡು ಸತ್ತ ಅಂದ್ರೆ ನಾನು ಹೆಂಗೋ ಬದುಕ್ತೀನಿ. ನಾನೇ ಕರ್ದೆ ಅಂತ ಅತ್ಕಂಡು ಬದುಕ್ತೀನಿ. ಕಲ್ಲು ಎಣಿಸೋದು ತಪ್ಪಿ ಸತ್ತ ಅಂದ್ರೆ, ಅದನ್ನ ಎಲ್ಲಿ ಇಟ್ಕಳ್ಳಲಿ ನಾನು? ಯಾರ್ ಮುಂದೂ ಹೇಳ್ಬ್ಯಾಡ."

"ಹಂಗಂದ್ರೆ ಹೆಂಗೆ ತಾಯಿ. ನಿನ್ನ ಆಡ್ಕಂತಾರೆ. ಮಗೀನ ಇವತ್ತು ಗುಂಡಿ ಹತ್ರಾನೂ ಬಿಡ್ಲಿಲ್ಲ. ನಾನು ಈಗ್ಲೇ ಕಾಟಲಿಂಗಣ್ಣನ ಹತ್ರ..."

"ಬ್ಯಾಡ." ಅವಳು ಅವನ ಅಂಗಿಯ ತೋಳು ಹಿಡಿದಳು. "ಇಷ್ಟು ದಿನ ಹೆಂಗೆ ಸುಮ್ಕಿದ್ಯೋ ಹಂಗೇ ಇದ್ಬುಡು. ನಿನಗದು ಬರ್ತೈತೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ತಿಪ್ಪಯ್ಯ ತಲೆ ತಗ್ಗಿಸಿದ. ಅವನಿಗೆ ಅಳು ಬಂತು, ಅತ್ತ. ಅವಳು ಅಳಲಿಲ್ಲ.

ಬಾವಿಯ ಕಡೆಯಿಂದ ಚಿತ್ತಮ್ಮ ಬರುತ್ತಿದ್ದಳು. ಸಜ್ಜೆ ಕೊಯ್ದ ಹೊಲ, ಕೂಳೆ ಕಾಲಿಗೆ ಚುಚ್ಚುತ್ತಿದ್ದರೂ ಲೆಕ್ಕಿಸದೆ, ತಾಯಿ ಕಂಡ ಖುಷಿಗೆ ಚೆಂಬು ಎತ್ತಿ ಹಿಡಿದು ಓಡಿ ಬರುತ್ತಿದ್ದಳು. ಎಷ್ಟು ಹಗುರವಾಗಿ ಓಡುತ್ತಿದ್ದಳೆಂದರೆ ಚೆಂಬಿನ ನೀರು ತುಳುಕುತ್ತಿರಲಿಲ್ಲ. ಆ ಓಟ ಯಾರದೆಂದು ಇಬ್ಬರಿಗೂ ಗೊತ್ತಾಯಿತು.

ಜುಂಜಮ್ಮ ಎದ್ದು ನಿಂತಳು.

"ಓಡಬ್ಯಾಡ ಚಿತ್ತಿ," ಎಂದು ಕೂಗಿದಳು. "ಇನ್ಮ್ಯಾಲೆ ಓಡಬಾರ್ದು. ನಡ್ಕಂಡು ಬಾ."

ಹುಡುಗಿ ಹೊಲದ ನಡುವೆ ಗಕ್ಕನೆ ನಿಂತಳು. ಅಂಥ ಮಾತನ್ನು ಅವಳಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ತಾಯಿಯನ್ನು ನೋಡಿದಳು, ತಿಪ್ಪಯ್ಯನನ್ನು ನೋಡಿದಳು, ಅವನು ಏನಾದರೂ ಹೇಳಬಹುದು ಎಂದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚೆಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕೂಳೆಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ನಡೆಯತೊಡಗಿದಳು.